ಮಾದರಿ ವಿಮಾನದ ದೋಷ ಪತ್ತೆ: ತಪ್ಪು ಕೈಯದೋ, ಕಿಟ್‌ನದೋ, ವಿಮಾನದ್ದೋ?

ಸಾಮಾನ್ಯ ಯುದ್ಧವಿಮಾನದ ಮಾದರಿ ಕಟ್ಟುವಾಗ ಏನಾದರೂ ಸರಿಯಿಲ್ಲವೆನಿಸಿದರೆ ಅನುಮಾನಿಸಬೇಕಾದವರು ಇಬ್ಬರೇ: ಕಿಟ್ ಮತ್ತು ಕೈ. ಭಾಗ ಅಚ್ಚಿನಿಂದಲೇ ಬಾಗಿ ಬಂದಿರಬೇಕು, ಇಲ್ಲವೇ ಅಂಟಿಸುವಾಗ ನಾವೇ ಬಾಗಿಸಿರಬೇಕು. ಎರಡನೆಯ ಮಹಾಯುದ್ಧದ ವಿಚಿತ್ರ ವಿಮಾನಗಳನ್ನು ಕಟ್ಟುವವರಿಗೆ ಮೂರನೆಯ ಆರೋಪಿಯೂ ಇದೆ, ಅದು ಮೂಲ ವಿಮಾನ. ಒಂದು ಪಕ್ಕದಲ್ಲಿ ಬಾಲದ ರೆಕ್ಕೆಯೇ ಇಲ್ಲದ, ಬಾಲದಲ್ಲಿ ಪ್ರೊಪೆಲ್ಲರ್ ತಿರುಗಿಸುವ, ಬೆನ್ನ ಮೇಲೆ ಜೆಟ್ ಎಂಜಿನ್ ಹೊತ್ತ ಈ ಯಂತ್ರಗಳಲ್ಲಿ ಓರೆಯಾಗಿ ಕಂಡದ್ದೆಲ್ಲ ಓರೆಯಲ್ಲ. ಅರವನ್ನೋ ಪುಟ್ಟಿಯನ್ನೋ ಕೈಗೆತ್ತಿಕೊಳ್ಳುವ ಮೊದಲು ಇದು ನಿಜಕ್ಕೂ ದೋಷವೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಈ ಪ್ರಶ್ನೆ ಕೇಳದೆ ಕೆಟ್ಟ ಮಾದರಿಗಳು ಅಂಟು ಸೋರಿ ಕೆಟ್ಟವುಗಳಿಗಿಂತ ಕಡಿಮೆಯೇನಲ್ಲ.

ಮೊದಲು ವಿಮಾನವನ್ನೇ ವಿಚಾರಿಸಿ

ಈ ಗೊಂದಲಕ್ಕೆ ಜರ್ಮನಿಯ ಬ್ಲೋಮ್ ಉಂಡ್ ಫೋಸ್ ಬಿವಿ 141ರಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗದು. ರಿಚರ್ಡ್ ಫೋಗ್ಟ್ ವಿನ್ಯಾಸ ಮಾಡಿದ, 1938ರಲ್ಲಿ ಮೊದಲು ಹಾರಿದ ಈ ವೀಕ್ಷಣಾ ವಿಮಾನದಲ್ಲಿ ಎಂಜಿನ್ ಮತ್ತು ಬಾಲ ಎಡಕ್ಕಿರುವ ಉದ್ದನೆಯ ದೂಲದಲ್ಲಿವೆ. ಸಿಬ್ಬಂದಿ ಕೂರುವ ಗಾಜಿನ ಕೋಣೆ ಪ್ರತ್ಯೇಕವಾಗಿ ಬಲರೆಕ್ಕೆಯ ಮೇಲಿದೆ. ಬಿ ಮಾದರಿಯಲ್ಲಿ ಬಾಲದ ಅಡ್ಡರೆಕ್ಕೆ ಬಹುಮಟ್ಟಿಗೆ ಎಡಪಕ್ಕಕ್ಕೆ ಮಾತ್ರ ಚಾಚಿಕೊಂಡಿದೆ. ಕೋಣೆಯ ಹಿಂಭಾಗದಲ್ಲಿದ್ದ ಬಂದೂಕುಗಾರನ ಗುರಿಗೆ ಅಡ್ಡ ಬರಬಾರದೆಂದು ಬಲಭಾಗವನ್ನು ತೆಗೆದಿದ್ದರು. ಪೆಟ್ಟಿಗೆ ತೆರೆದವರು ಒಂದು ಭಾಗ ಕಳೆದುಹೋಗಿದೆ ಎಂದು ಹುಡುಕತೊಡಗುವುದು ಸಹಜವೇ. ಆದರೆ ಹಿಂದಿನ ಎ ಮಾದರಿಯಲ್ಲಿ ಅಡ್ಡರೆಕ್ಕೆ ಎರಡೂ ಪಕ್ಕಕ್ಕಿತ್ತು. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಯಾವ ಮಾದರಿ ಎಂದು ತಿಳಿಯದೆ ಅರ್ಧ ಬಾಲ ಸರಿ ಅಥವಾ ತಪ್ಪು ಎಂದು ಹೇಳಲಾಗುವುದಿಲ್ಲ.

ಕಣ್ಣಿಗೆ ಬೀಳದ ವಿಚಿತ್ರಗಳು ಇನ್ನೂ ಅಪಾಯಕಾರಿ. ಇಟಲಿಯ ಮಾಕಿ ಸಿ.202 ನೋಡಲು ಸಾಧಾರಣ ವಿಮಾನವೇ. ಆದರೆ ಪ್ರೊಪೆಲ್ಲರಿನ ತಿರುಚುಬಲವನ್ನು ಸರಿದೂಗಿಸಲು ಅದರ ಎಡರೆಕ್ಕೆಯನ್ನು ಬಲರೆಕ್ಕೆಗಿಂತ ಸುಮಾರು 20 ಸೆಂಟಿಮೀಟರ್ ಉದ್ದ ಮಾಡಿದ್ದರು. 1/72 ಪ್ರಮಾಣದಲ್ಲಿ ಅದು 3 ಮಿಲಿಮೀಟರಿಗೆ ಸ್ವಲ್ಪ ಕಡಿಮೆ, 1/48ರಲ್ಲಿ 4 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಅಳತೆಪಟ್ಟಿ ಹಿಡಿದು ಕೂತ ಅಚ್ಚುಕಟ್ಟಿನ ಮನುಷ್ಯ ಅದನ್ನು ಅರದಿಂದ ಉಜ್ಜಿ 'ಸರಿಮಾಡಿ' ಬಿಡುತ್ತಾನೆ. ಶಿಸ್ತು ಇಲ್ಲಿ ಶತ್ರುವಾಗುತ್ತದೆ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಜಪಾನಿನ ಕ್ಯೂಶು ಶಿಂಡೆನ್‌ನ ಹಿಂಬದಿಯ ಎರಡು ಲಂಬರೆಕ್ಕೆಗಳ ಕೆಳಗೆ ಪುಟ್ಟ ಚಕ್ರಗಳಿವೆ. ಅವು ಬೇರೆ ಕಿಟ್‌ನಿಂದ ತಪ್ಪಿ ಬಂದವಲ್ಲ, ನೆಲಕ್ಕೆ ತಾಗದಂತೆ ಪ್ರೊಪೆಲ್ಲರನ್ನು ಕಾಯಲು ಇಟ್ಟವು. ಮೆಸರ್‌ಸ್ಮಿಟ್ ಮಿ 163ರ ಎರಡು ಚಕ್ರದ ಬಂಡಿ ಒಡಲಿಗೆ ಸೇರಿದ್ದೇ ಅಲ್ಲ. ಮೇಲೇರಿದ ಕೂಡಲೇ ಅದನ್ನು ಕಳಚಿ ಬೀಳಿಸಿ, ಇಳಿಯುವಾಗ ಹೊಟ್ಟೆಯಡಿಯ ಜಾರುಪಟ್ಟಿಯ ಮೇಲೆ ಇಳಿಯುತ್ತಿದ್ದರು. ಹೋರ್ಟನ್ ಹೋ 229ರ ಮುಂಚಕ್ರ ಅತಿಯಾಗಿ ದೊಡ್ಡದೆನಿಸಿದರೆ, ಅದು ದೊಡ್ಡದೇ. 1942ರ ನವೆಂಬರಿನಲ್ಲಿ ಹಾರಿದ ಅಮೆರಿಕದ ವಾಟ್ ವಿ-173 ನೆಲದ ಮೇಲೆ ಮೂತಿಯನ್ನು ಆಕಾಶಕ್ಕೆತ್ತಿ ನಿಲ್ಲುವಂಥದ್ದು. ಅದರ ಉದ್ದನೆಯ ಕಾಲುಗಳನ್ನು ಕತ್ತರಿಸಿ ಮಟ್ಟಸ ಮಾಡಲು ಹೋಗಬೇಡಿ.

ಪರಿಶೀಲನೆಗೆ ಮೂಲ ವಿಮಾನ ಉಳಿದಿದೆಯೇ ಎಂದು ನೋಡಿ. ಡೋರ್ನಿಯರ್ ಡೋ 335, ಹೋರ್ಟನ್‌ನ ಮೂರನೆಯ ಮೂಲಮಾದರಿ, ಶಿಂಡೆನ್‌ನ ಮುಂಭಾಗ ಇವು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ, ಇವುಗಳ ಛಾಯಾಚಿತ್ರಗಳೂ ಬೇಕಾದಷ್ಟಿವೆ. ಬಿವಿ 141 ಪೂರ್ಣವಾಗಿ ಒಂದೂ ಉಳಿದಿಲ್ಲ, ಯುದ್ಧಕಾಲದ ಚಿತ್ರಗಳೇ ಗತಿ. ಆಕಾರಕ್ಕೆ ವಸ್ತುಸಂಗ್ರಹಾಲಯದ ವಿಮಾನವನ್ನು ನಂಬಬಹುದು. ಅದರ ಮೈಬಣ್ಣವನ್ನು ಹಾಗೆಯೇ ನಂಬಬಾರದು, ಎಷ್ಟೋ ಕಡೆ ಅದು ಆಮೇಲೆ ಬಳಿದದ್ದು. ಕಾಗದದ ಮೇಲೇ ಉಳಿದ ಯೋಜನೆಗಳ ಕಿಟ್ ಕಟ್ಟುತ್ತಿದ್ದರೆ ಈ ತಲೆನೋವೇ ಇಲ್ಲ: ಅಲ್ಲಿ ಕಿಟ್ ಮಾಡಿದವರ ಊಹೆಗೆ ನಿಮ್ಮ ಊಹೆಯೂ ಸಮವೇ.

ಲಕ್ಷಣ: ಮೂತಿ ಎತ್ತಿ ಬಾಲದ ಮೇಲೆ ಕುಕ್ಕರಿಸುತ್ತದೆ

ಮೂರು ಚಕ್ರದ, ಅಂದರೆ ಮೂತಿಯಡಿ ಒಂದು ಮತ್ತು ನಡುವೆ ಎರಡು ಚಕ್ರವಿರುವ ವಿಮಾನಗಳ ಪೀಡೆ ಇದು. ನಿಜವಾದ ವಿಮಾನದಲ್ಲಿ ಎಂಜಿನ್, ಬಂದೂಕು, ಕವಚಗಳ ತೂಕ ಸರಿಯಾದ ಜಾಗದಲ್ಲಿತ್ತು. ನಿಮ್ಮ ಮಾದರಿಯಲ್ಲಿ ಇರುವುದೆಲ್ಲ ಟೊಳ್ಳು ಪ್ಲಾಸ್ಟಿಕ್, ಅದರಲ್ಲೂ ಹೆಚ್ಚು ಪ್ಲಾಸ್ಟಿಕ್ ಮುಖ್ಯ ಚಕ್ರಗಳ ಹಿಂದೆ. ಡೋ 335, ಹೈಂಕೆಲ್ ಹೆ 162, ಶಿಂಡೆನ್, ಕರ್ಟಿಸ್ ಎಕ್ಸ್‌ಪಿ-55, ಸ್ವೀಡನ್ನಿನ ಸಾಬ್ 21, ಅಮೆರಿಕದ ಪಿ-38, ಪಿ-39, ಪಿ-61 ಇವೆಲ್ಲ ಮೂತಿಗೆ ಭಾರ ಬೇಡುವ ಜಾತಿಯವು. ಬಿವಿ 141ಕ್ಕೆ ಬಾಲಚಕ್ರವಿದೆ, ಅದು ಈ ಪಟ್ಟಿಯಲ್ಲಿಲ್ಲ.

ಕಿಟ್‌ನ ಸೂಚನಾಪತ್ರದಲ್ಲಿ '10 ಗ್ರಾಂ ಸೇರಿಸಿ' ಎಂದಿದ್ದರೆ ಅದನ್ನು ಕನಿಷ್ಠ ಎಂದು ಓದಿ. ಆ ಅಂಕಿ ಕಿಟ್‌ನ ಸ್ವಂತ ಭಾಗಗಳಿಗೆ ಮಾತ್ರ ಹೊಂದುತ್ತದೆ. ನೀವು ಹೆ 162ರ ಬೆನ್ನ ಮೇಲೆ ರೆಸಿನ್‌ನ (ಅಚ್ಚಿಗೆ ಸುರಿದು ಗಟ್ಟಿಮಾಡಿದ ರಾಳದ) ಜೆಟ್ ಎಂಜಿನ್ ಕೂರಿಸಿದ ಕ್ಷಣವೇ ಅದು ಸುಳ್ಳಾಗುತ್ತದೆ. ಆದ್ದರಿಂದ ಒಡಲು ಮುಚ್ಚುವ ಮೊದಲೇ ಅಳೆದುಬಿಡಿ.

ಎಲ್ಲ ದೊಡ್ಡ ಭಾಗಗಳನ್ನು, ಬಾಲ, ಎಂಜಿನ್, ಪ್ರೊಪೆಲ್ಲರ್ ಸಹಿತ, ಟೇಪಿನಿಂದ ಕೂಡಿಸಿ. ಮುಖ್ಯ ಚಕ್ರಗಳ ಅಚ್ಚು ಬರುವ ನೇರದಲ್ಲಿ ಹೊಟ್ಟೆಯಡಿಗೆ ಒಂದು ದುಂಡನೆಯ ಕಡ್ಡಿಯನ್ನು ಅಡ್ಡಲಾಗಿ ಇಡಿ. ಬಾಲದ ತುದಿಯನ್ನು ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಊರಿ, ಒಡಲು ಮಟ್ಟವಾಗಿರುವಂತೆ ಕಡ್ಡಿಯ ಎತ್ತರ ಹೊಂದಿಸಿ. ತಕ್ಕಡಿ 12 ಗ್ರಾಂ ತೋರಿಸುತ್ತಿದೆ, ಕಡ್ಡಿಯಿಂದ ಬಾಲದ ಊರುವ ಬಿಂದುವಿಗೆ 9 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಗುಣಿಸಿದರೆ 108. ಭಾರ ಇಡಬಹುದಾದ ಜಾಗ ಕಡ್ಡಿಯಿಂದ 6 ಸೆಂಟಿಮೀಟರ್ ಮುಂದಿದ್ದರೆ 108ನ್ನು 6ರಿಂದ ಭಾಗಿಸಿ: 18 ಗ್ರಾಂ. ಇದು ತೂಗುಯ್ಯಾಲೆಯಂತೆ ಸರಿಸಮ ನಿಲ್ಲುವಷ್ಟು ಮಾತ್ರ. ಬಣ್ಣ, ಪುಟ್ಟಿ, ಆಮೇಲೆ ಅಂಟಿಸುವ ಚೂರುಪಾರು ಸೇರಿ ಬಾಲ ಮತ್ತೆ ಭಾರವಾಗುತ್ತದೆ. ಮೂರನೇ ಒಂದು ಪಾಲು ಹೆಚ್ಚಿಸಿ 24 ಗ್ರಾಂ ಇಡಿ.

ಈಗ ಜಾಗದ ಲೆಕ್ಕ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಉಕ್ಕಿನದು ಸುಮಾರು 7.8, ಟಂಗ್‌ಸ್ಟನ್‌ನದು 19.3. 24 ಗ್ರಾಂ ಸೀಸ ಗಟ್ಟಿಯಾಗಿದ್ದರೆ ಎರಡು ಘನ ಸೆಂಟಿಮೀಟರಿಗೆ ತುಸು ಮೇಲೆ. ಗುಂಡುಗಳಾಗಿದ್ದರೆ ನಡುವಿನ ಖಾಲಿ ಜಾಗ ಸೇರಿ ಅದರ ಒಂದೂವರೆ ಪಟ್ಟಿಗೂ ಹೆಚ್ಚು ಬೇಕು. ಡೋ 335ರ ಮೂತಿಯಲ್ಲಿ ಇಡೀ ಎಂಜಿನ್ ಇದ್ದದ್ದರಿಂದ ಅಲ್ಲಿ ಜಾಗಕ್ಕೆ ಬರವಿಲ್ಲ, ನೀವು ಆ ಎಂಜಿನನ್ನು ತೆರೆದು ತೋರಿಸುವ ಹಟ ಹಿಡಿಯದಿದ್ದರೆ. ಹೆ 162ರ ಕಥೆ ಬೇರೆ: ಮೂತಿಯೇ ಪುಟ್ಟದು, ಅದರಲ್ಲಿ ಅರ್ಧವನ್ನು ಮುಂಚಕ್ರದ ಗೂಡು ತಿಂದುಬಿಡುತ್ತದೆ. ಇಂಥ ಕಡೆ ಟಂಗ್‌ಸ್ಟನ್‌ಗೆ ದುಡ್ಡು ಕೊಡುವುದು ಸಾರ್ಥಕ. ಆಮೇಲೆ ಕಾಕ್‌ಪಿಟ್ಟಿನ ನೆಲದಡಿ, ಆಸನದ ಹಿಂದಿನ ಸಂದು, ಚಕ್ರದ ಗೂಡಿನ ಮಾಡು ಹೀಗೆ ಸಿಕ್ಕಿದ ಮೂಲೆ ತುಂಬಿ. ಆದರೆ ಹಿಂದೆ ಸರಿದಷ್ಟೂ ಭಾರದ ಪ್ರಯೋಜನ ಇಳಿಯುತ್ತದೆ ಎಂಬುದು ಮೇಲಿನ ಲೆಕ್ಕದಲ್ಲೇ ಇದೆ. ಪಿ-61ರಂಥ ಎರಡು ಎಂಜಿನ್ನಿನ ವಿಮಾನಕ್ಕೆ ಮೂತಿಯ ಜೊತೆ ಎಂಜಿನ್ ಗೂಡುಗಳ ಮುಂಭಾಗವೂ ಒದಗುತ್ತದೆ. ಎರಡೂ ಪಕ್ಕಕ್ಕೆ ಸಮತೂಕ ಹಾಕದಿದ್ದರೆ ಕುಕ್ಕರಿಸುವ ಬದಲು ಮಗ್ಗುಲಿಗೆ ವಾಲುತ್ತದೆ, ಅಷ್ಟೇ.

ಭಾರವನ್ನು ಯಾವುದರಿಂದ ಅಂಟಿಸುತ್ತೀರಿ ಎಂಬುದು ಈ ಇಡೀ ವಿಷಯದಲ್ಲಿ ಅತ್ಯಂತ ಉಪೇಕ್ಷೆಗೊಳಗಾದ ಸಂಗತಿ. ಸೀಸವನ್ನು ಮರಕ್ಕೆ ಬಳಸುವ ಬಿಳಿ ಅಂಟಿನಲ್ಲಿ ಹುದುಗಿಸಿದರೆ ಅಂಟಿನಿಂದ ಹೊರಡುವ ಅಸೆಟಿಕ್ ಆಮ್ಲ ಸೀಸವನ್ನು ತಿನ್ನತೊಡಗುತ್ತದೆ. ಸೀಸ ನಿಧಾನವಾಗಿ ಬಿಳಿ ಪುಡಿಯಾಗುತ್ತದೆ, ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಬಣ್ಣ ಬಳಿದು ಕಪಾಟಿನಲ್ಲಿಟ್ಟ ಮಾದರಿಯ ಮೂತಿ ತಿಂಗಳುಗಳ ಅಥವಾ ವರ್ಷಗಳ ನಂತರ ಉಬ್ಬಿ ಸೀಳುತ್ತದೆ. ಹಳೆಯ ಮಾದರಿಯ ಮೂತಿಯ ಕೂಡುಗೆರೆ ಮಾತ್ರ ಬಿರಿದು ಒಳಗೆ ಬಿಳಿ ಪುಡಿ ಕಂಡರೆ ಕಾರಣ ಇದೇ. ಆ ಪುಡಿ ವಿಷ. ಒಣಗಿದ್ದಾಗ ಉಜ್ಜಬೇಡಿ, ಊದಬೇಡಿ. ಕೈಗವಸು ತೊಟ್ಟು ಒದ್ದೆ ಬಟ್ಟೆಯಿಂದ ಒರಸಿ, ಸೀಸವನ್ನೆಲ್ಲ ತೆಗೆದು ಹೊಸ ಭಾರ ಇಡಬೇಕು. ಎಪಾಕ್ಸಿಯಲ್ಲೋ ಸೂಪರ್ ಗ್ಲೂವಿನಲ್ಲೋ ಹುದುಗಿಸಿದರೆ ಈ ತೊಂದರೆಯಿಲ್ಲ. ಆದರೆ ಒಮ್ಮೆಗೇ ಬಹಳ ಸುರಿಯಬೇಡಿ. ಗಟ್ಟಿಯಾಗುವಾಗ ಎರಡೂ ಬಿಸಿಯಾಗುತ್ತವೆ, ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಒಡಲು ಮುಚ್ಚಿಯಾದ ಮೇಲೆ ಎಚ್ಚರವಾಯಿತೇ? ಮುಂಚಕ್ರದ ಗೂಡಿನ ಮೂಲಕ ತೂತು ಕೊರೆದು ಸಣ್ಣ ಗುಂಡುಗಳನ್ನು ಇಳಿಬಿಟ್ಟು ತೆಳು ಸೂಪರ್ ಗ್ಲೂ ಹನಿಸಬಹುದು. ಅದೂ ಆಗದಿದ್ದರೆ ಮುಂಚಕ್ರವನ್ನು ಪೀಠಕ್ಕೆ ಪಿನ್ನಿನಿಂದ ಬಿಗಿಯಿರಿ. ಬಾಲದಡಿ ಪಾರದರ್ಶಕ ಕಡ್ಡಿ ನಿಲ್ಲಿಸುವ ಉಪಾಯ ನನಗಂತೂ ಹಿಡಿಸುವುದಿಲ್ಲ. ನೋಡಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಭಾರ ಹೆಚ್ಚಾದರೆ ಹೊಸ ಲಕ್ಷಣ ಹುಟ್ಟುತ್ತದೆ: ಕಾಲುಗಳು ದಿನಗಳೆದಂತೆ ನಿಧಾನವಾಗಿ ಅಗಲುವುದು. ಪ್ಲಾಸ್ಟಿಕ್ ಕಾಲೂ ಬಾಗುತ್ತದೆ, ಮೆದುವಾದ ಬಿಳಿಲೋಹದ ಕಾಲೂ ಬಾಗುತ್ತದೆ. ಹಿತ್ತಾಳೆಯ ಕಾಲು ಸಿಕ್ಕರೆ ಹಾಕಿ. ಇಲ್ಲವಾದರೆ ಪ್ಲಾಸ್ಟಿಕ್ ಕಾಲಿನ ಉದ್ದಕ್ಕೂ ಕೊರೆದು ಉಕ್ಕಿನ ತಂತಿ ತೂರಿಸಿ.

ಲಕ್ಷಣ: ಒಡಲಿನ ಎರಡು ಅರ್ಧಗಳು ಮುಚ್ಚಿಕೊಳ್ಳುವುದಿಲ್ಲ

ವಿಚಿತ್ರ ವಿಮಾನಗಳ ಕಿಟ್‌ಗಳಲ್ಲಿ ಹೆಚ್ಚಿನವು ಕಡಿಮೆ ಸಂಖ್ಯೆಯಲ್ಲಿ, ಕಡಿಮೆ ಒತ್ತಡದ ಅಚ್ಚಿನಲ್ಲಿ ತೆಗೆದವು. ಅವುಗಳಲ್ಲಿ ಗೋಡೆ ದಪ್ಪ, ಅಂಚಿಗೆ ಹೆಚ್ಚುವರಿ ಪ್ಲಾಸ್ಟಿಕ್ ಪೊರೆ, ಎರಡು ಅರ್ಧಗಳನ್ನು ನೇರಕ್ಕೆ ತರುವ ಗೂಟ-ರಂಧ್ರಗಳಂತೂ ಇರುವುದೇ ಇಲ್ಲ. ಜೊತೆಗೆ ಬರುವ ರೆಸಿನ್ ಕಾಕ್‌ಪಿಟ್ ಒಂದು ಮಿಲಿಮೀಟರ್ ಅಗಲವಾಗಿದ್ದರೂ ಸಾಕು, ಒಡಲು ಬಾಯಿ ತೆರೆದೇ ಇರುತ್ತದೆ. ಎರಡು ಎಂಜಿನ್‌ಗಳನ್ನು ಒಡಲೊಳಗೇ ನುಂಗಿಕೊಂಡ ಡೋ 335ರಲ್ಲಿ, ಜೆಟ್ ಎಂಜಿನ್‌ಗಳು ರೆಕ್ಕೆಯ ನಡುವೆ ಹುದುಗಿದ ಹೋ 229ರಲ್ಲಿ ಇದು ದಿನನಿತ್ಯದ ಮಾತು.

ಇಲ್ಲಿ ಜನ ಮಾಡುವ ಅನಾಹುತ ಹಿಡಿಕೆ (ಕ್ಲ್ಯಾಂಪ್) ಬಿಗಿದು ಅಂಟು ಸುರಿಯುವುದು. ಮುಚ್ಚಿಕೊಂಡಂತೆ ಕಾಣುತ್ತದೆ, ಹಿಡಿಕೆ ತೆಗೆದ ಮೇಲೂ ಒಳಗಿನ ಒತ್ತಡ ಹಾಗೇ ಇರುತ್ತದೆ, ಬಣ್ಣ ಬಳಿದ ವಾರದ ಮೇಲೆ ಬೆನ್ನುಗೆರೆ ಟಪ್ಪೆಂದು ಬಿಚ್ಚುತ್ತದೆ. ಬದಲಾಗಿ ತಡೆ ಎಲ್ಲಿದೆ ಎಂದು ಪತ್ತೆ ಹಚ್ಚಿ. ಕಾಕ್‌ಪಿಟ್ಟಿನ ಹೊರಮೈಗೆ ಒಣಗದ ಮಾರ್ಕರ್ ಶಾಯಿ ಬಳಿದು ಅರ್ಧಗಳನ್ನು ಒತ್ತಿ ತೆರೆಯಿರಿ. ಒಡಲಿನ ಒಳಗೋಡೆಯಲ್ಲಿ ಶಾಯಿ ಮೂಡಿದಲ್ಲಿ ಮಾತ್ರ ಕೆರೆಯಿರಿ. ಗೋಡೆಯನ್ನೂ ಕೆರೆಯಿರಿ, ರೆಸಿನ್ನನ್ನೂ ಕೆರೆಯಿರಿ, ಒಂದನ್ನೇ ತೂತಾಗುವ ತನಕ ಉಜ್ಜಬೇಡಿ. ರೆಸಿನ್ ಉಜ್ಜುವಾಗ ನೀರು ಹಚ್ಚಿ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಆ ಧೂಳು ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ.

ಒಳಗೆ ಏನೂ ಇಲ್ಲದೆಯೂ ಅರ್ಧಗಳು ಕೂಡದಿದ್ದರೆ ಭಾಗವೇ ತಿರುಚಿದೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಕುದಿಯುವ ನೀರಿಗಿಂತ ಸಾಕಷ್ಟು ಕೆಳಗಿನ ಬಿಸಿಯಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೇಕಾದ ಆಕಾರಕ್ಕೆ ಹಿಡಿದು ತಣ್ಣೀರಿಗೆ ಇಳಿಸಿ. ಒಮ್ಮೆಗೇ ಆಗುವುದಿಲ್ಲ, ತುಸುತುಸುವೇ ದಾರಿಗೆ ತರಬೇಕು.

ಲಕ್ಷಣ: ಎಲ್ಲೋ ಓರೆಯಾಗಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ

ಸಾಧಾರಣ ವಿಮಾನದಲ್ಲಿ ಪರೀಕ್ಷೆ ಸುಲಭ. ಎರಡು ರೆಕ್ಕೆತುದಿಗಳಿಂದ ಬಾಲದ ತುದಿಗೆ ದಾರ ಹಿಡಿದು ನೋಡಿ, ಸಮವಿದ್ದರೆ ಸರಿ. ಬಿವಿ 141ರಲ್ಲಿ ಈ ಪರೀಕ್ಷೆ ಕೈಕೊಡುತ್ತದೆ, ಏಕೆಂದರೆ ಬಾಲ ರೆಕ್ಕೆಯ ನಡುಗೆರೆಯ ಮೇಲಿಲ್ಲ. ಅಲ್ಲಿ ಉದ್ದಗಳನ್ನು ಹೋಲಿಸುವ ಯೋಚನೆಯನ್ನೇ ಬಿಟ್ಟು ಕೋನಗಳನ್ನು ಹೋಲಿಸಿ. ಮೇಲಿನಿಂದ ಕಾಣುವ ನಕ್ಷೆಯನ್ನು ಮಾದರಿಯ ಅಳತೆಗೇ ಮುದ್ರಿಸಿಕೊಳ್ಳಿ. ಬಿ ಮಾದರಿಯ ರೆಕ್ಕೆಹರವು 17.46 ಮೀಟರ್, ಅಂದರೆ 1/72ರಲ್ಲಿ 24 ಸೆಂಟಿಮೀಟರಿಗೆ ಸ್ವಲ್ಪ ಮೇಲೆ, 1/48ರಲ್ಲಿ 36ಕ್ಕೆ ಸ್ವಲ್ಪ ಮೇಲೆ. ನಕ್ಷೆಯನ್ನು ಗಾಜಿನ ಹಲಗೆಯಡಿ ಅಂಟಿಸಿ, ಮೇಲೆ ಮಾದರಿ ಇಟ್ಟು ದೂಲವೂ ಸಿಬ್ಬಂದಿ ಕೋಣೆಯೂ ಒಂದಕ್ಕೊಂದು ಸಮಾನಾಂತರವಾಗಿವೆಯೇ ನೋಡಿ. ಆಮೇಲೆ ರೆಕ್ಕೆತುದಿಗಳು ಗಾಜಿನಿಂದ ಎಷ್ಟು ಎತ್ತರ ಎಂದು ಅಳೆಯಿರಿ, ಅಲ್ಲಿ ಮಾತ್ರ ಎಡಬಲ ಸಮ ಇರಬೇಕು. ಕೊನೆಗೆ ಹಿಂದಿನಿಂದ ಒಂದೇ ಕಣ್ಣಿನಿಂದ ನೋಡಿ: ಲಂಬರೆಕ್ಕೆ ಗಾಜಿಗೆ ನೆಟ್ಟಗಿದೆಯೇ? ಅರ್ಧ ಬಾಲವನ್ನು ಕಂಡ ಕಣ್ಣು ನೆಟ್ಟಗಿರುವುದನ್ನೂ ವಾಲಿದೆ ಎಂದೇ ಓದುತ್ತದೆ. ಹಾಗಾಗಿ ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿಕೊಂಡು ತೀರ್ಮಾನಿಸಿ, ಕಣ್ಣನ್ನು ನಂಬಬೇಡಿ.

ಅವಳಿ ದೂಲದ ವಿಮಾನಗಳಲ್ಲಿ, ಅಂದರೆ ಪಿ-38, ಸಾಬ್ 21 ಮುಂತಾದವುಗಳಲ್ಲಿ, ದೋಷ ಕಾಣುವ ಜಾಗವೇ ಬೇರೆ, ಇರುವ ಜಾಗವೇ ಬೇರೆ. ಹಿಂದಿನ ಅಡ್ಡರೆಕ್ಕೆ ಕೂರುತ್ತಿಲ್ಲ ಎಂದು ಕಂಡರೂ ಅಡ್ಡರೆಕ್ಕೆಯ ತಪ್ಪು ಅಪರೂಪ. ರೆಕ್ಕೆಗೆ ದೂಲ ಕೂಡುವ ಬುಡದಲ್ಲಿ ಆದ ಒಂದು ಡಿಗ್ರಿ ಓರೆ 15 ಸೆಂಟಿಮೀಟರ್ ಹಿಂದೆ ಎರಡೂವರೆ ಮಿಲಿಮೀಟರಿಗೂ ಹೆಚ್ಚಾಗಿ ಬೆಳೆದಿರುತ್ತದೆ. ತುದಿಯಲ್ಲಿ ಪುಟ್ಟಿ ತುಂಬಿ ಮುಚ್ಚುವ ಬದಲು ಬುಡ ಬಿಚ್ಚಿ. ಅಂಟು ಇನ್ನೂ ಹಸಿಯಿದ್ದರೆ ಬುಡಕ್ಕೆ ಮತ್ತಷ್ಟು ತೆಳು ಅಂಟು ಹರಿಸಿ, ಮೆತ್ತಗಾದಾಗ ಸರಿಪಡಿಸಬಹುದು. ಇನ್ನೂ ಅಂಟಿಸದವರಿಗೆ ಹೇಳುವುದಾದರೆ, ಎರಡೂ ದೂಲಗಳನ್ನೂ ಅಡ್ಡರೆಕ್ಕೆಯನ್ನೂ ಒಂದೇ ಕೂತಿನಲ್ಲಿ, ನಿಧಾನವಾಗಿ ಒಣಗುವ ಅಂಟಿನಲ್ಲಿ ಕೂಡಿಸಿ, ಗಾಜಿನ ಮೇಲಿಟ್ಟು ರಾತ್ರಿಯಿಡೀ ಬಿಡಿ. ಎರಡು ಹೆ 111ಗಳನ್ನು ಐದನೆಯ ಎಂಜಿನ್ ಹೊತ್ತ ನಡುರೆಕ್ಕೆಯಿಂದ ಬೆಸೆದ ಹೆ 111ಝಡ್ ಕಟ್ಟುವವರು ಮೊದಲು ಆ ನಡುರೆಕ್ಕೆಯೊಂದೇ ತಿರುಚಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ಅದು ತಿರುಚಿದ್ದರೆ ಎರಡು ಒಡಲುಗಳೂ ಒಂದೊಂದು ದಿಕ್ಕಿಗೆ ಮೂತಿ ತಿರುಗಿಸಿ ನಿಲ್ಲುತ್ತವೆ.

ಲಕ್ಷಣ: ಗಾಜಿನ ಭಾಗ ಮಂಕಾಗಿದೆ

ಬಿವಿ 141ರ ಸಿಬ್ಬಂದಿ ಕೋಣೆ ಬಹುಪಾಲು ಗಾಜೇ (ಮಾದರಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್) ಆದ್ದರಿಂದ ಇಲ್ಲಿ ಕೆಟ್ಟರೆ ಇಡೀ ಮಾದರಿ ಕೆಟ್ಟಂತೆ. ಮಂಕು ಮೂರು ಬಗೆಯದು, ಮೂರಕ್ಕೂ ಚಿಕಿತ್ಸೆ ಬೇರೆಬೇರೆ.

ಬಿಳಿಯ ಹೊಗೆ ಹರಡಿದಂತಿದ್ದು, ಬೆರಳ ಗುರುತುಗಳು ಎದ್ದು ಕಾಣುತ್ತಿದ್ದರೆ ಅದು ಸೂಪರ್ ಗ್ಲೂವಿನ ಆವಿ. ಆವಿ ತೇವ ಮತ್ತು ಜಿಡ್ಡು ಇರುವಲ್ಲಿ ಕುಳಿತು ಗಟ್ಟಿಯಾಗುತ್ತದೆ. ಇದು ಮೇಲ್ಪದರ ಮಾತ್ರ. ನುಣುಪಾದ ಪಾಲಿಶ್ ಲೇಪದಿಂದ ಉಜ್ಜಿ ತೆಗೆದು, ಪಾರದರ್ಶಕ ಅಕ್ರಿಲಿಕ್ ಹೊಳಪಿನಲ್ಲಿ ಅದ್ದಿ ಒಣಗಿಸಿದರೆ ಮೊದಲಿನಂತಾಗುತ್ತದೆ. ಗಾಜಿನ ಮೈಯಲ್ಲಿ ಕೂದಲೆಳೆಯ ಬಿರುಕುಗಳು ಜೇಡರಬಲೆಯಂತೆ ಹಬ್ಬಿದ್ದರೆ ಅದು ಪ್ಲಾಸ್ಟಿಕ್ ಅಂಟಿನ ದ್ರಾವಕ ಒಳಗೇ ಇಳಿದು ಮಾಡಿದ ಗಾಯ. ಆಳವಿಲ್ಲದಿದ್ದರೆ ಹೊಳಪಿನಲ್ಲಿ ಅದ್ದಿದಾಗ ಸ್ವಲ್ಪ ಮರೆಯಾಗುತ್ತದೆ, ವಾಸಿಯಂತೂ ಆಗುವುದಿಲ್ಲ. ಬದಲಿ ಭಾಗ ಹುಡುಕಿ. ಮೂರನೆಯದು, ಕೊನೆಯ ಪಾರದರ್ಶಕ ಪದರ ಬಳಿದ ಮೇಲೆ ಹಾಲಿನಂತೆ ಬಂದದ್ದು. ತೇವಭರಿತ ಗಾಳಿಯಲ್ಲಿ ಸಿಂಪಡಿಸಿದರೆ ಹೀಗಾಗುತ್ತದೆ. ಒಣಹವೆಯ ದಿನ ಅದೇ ಲೇಪವನ್ನು ತೆಳುವಾಗಿ ಮತ್ತೆ ಸಿಂಪಡಿಸಿದರೆ ಬಹಳ ಸಲ ತಿಳಿಯಾಗುತ್ತದೆ.

ಕೋಣೆ ಮುಚ್ಚಿದ ಮೇಲೆ ಒಳಮೈ ಮಂಕಾಗಿದ್ದರೆ ಬಿಚ್ಚದೆ ವಿಧಿಯಿಲ್ಲ. ಗಾಜಿನ ಭಾಗಗಳನ್ನು ಬಿಳಿ ಅಂಟಿನಿಂದಲೇ ಕೂಡಿಸಿದ್ದರೆ ಒದ್ದೆ ಕುಂಚದಿಂದ ಅಂಚು ನೆನೆಸಿ ಬಿಡಿಸಬಹುದು. ಇಲ್ಲಿ ಬಿಳಿ ಅಂಟೇ ಸರಿ, ಸೀಸಕ್ಕೆ ಮಾತ್ರ ಅದು ಹಗೆ. ಕಾಕ್‌ಪಿಟ್ಟಿನೊಳಗೆ ಎಲ್ಲಿಯಾದರೂ ಸೂಪರ್ ಗ್ಲೂ ಬಳಸಿದ್ದರೆ ಗಾಜು ಮುಚ್ಚುವ ಮೊದಲು ಒಂದು ದಿನ ಗಾಳಿಗೆ ಬಿಡಿ.

ಲಕ್ಷಣ: ಉಜ್ಜಿ ಅಳಿಸಿದ ಕೂಡುಗೆರೆ ಬಣ್ಣದ ಮೇಲೆ ಮತ್ತೆ ಮೂಡಿದೆ

ಬಹಳ ಸಲ ಕಾರಣ ಆತುರ. ದ್ರಾವಕದ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಕರಗಿದ ಭಾಗದಿಂದ ದ್ರಾವಕ ಪೂರ್ತಿ ಹೊರಹೋಗಲು ದಿನಗಳು ಬೇಕು, ಹೋಗುತ್ತಾ ಹೋಗುತ್ತಾ ಗೆರೆ ಕುಸಿಯುತ್ತದೆ. ಮರುದಿನವೇ ಉಜ್ಜಿ ನುಣುಪು ಮಾಡಿದರೆ ವಾರದ ಮೇಲೆ ಅಲ್ಲೊಂದು ತಗ್ಗು. ಟ್ಯೂಬಿನ ಪುಟ್ಟಿಯೂ ಹಾಗೆಯೇ ಕುಗ್ಗುತ್ತದೆ. ಗೆರೆ ತಗ್ಗಾಗಿದ್ದರೆ ಕಾರಣ ಇದು, ಬಣ್ಣ ತೆಗೆದು ಮತ್ತೆ ತುಂಬಿ. ಗೆರೆ ದಿಬ್ಬವಾಗಿದ್ದರೆ ಅದು ಸೂಪರ್ ಗ್ಲೂ ತುಂಬಿದ ಜಾಗ: ದಿನ ಕಳೆದಂತೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗುತ್ತದೆ, ಉಜ್ಜಿದಾಗ ಸುತ್ತಲಿನ ಪ್ಲಾಸ್ಟಿಕ್ ಸವೆದು ಅಂಟು ಎತ್ತರಕ್ಕೆ ನಿಲ್ಲುತ್ತದೆ. ಸೂಪರ್ ಗ್ಲೂವನ್ನು ಗಟ್ಟಿಯಾದ ಗಂಟೆಯೊಳಗೇ ಉಜ್ಜಬೇಕು. ಗೆರೆ ಬಿರುಕಾಗಿದ್ದರೆ ಒಳಗೆ ಒತ್ತಡವಿದೆ, ಮೇಲೆ ಹೇಳಿದ ಹಿಡಿಕೆಯ ಕಥೆ.

ಅಂಟಿನ ಮೇಲೆ ಅಪನಂಬಿಕೆ ಹೆ 162 ಕಟ್ಟುವವರಿಗೆ ಸಲ್ಲುತ್ತದೆ. ಮೂಲ ವಿಮಾನದ ಕಷ್ಟವೂ ಅದೇ ಆಗಿತ್ತು. ಅದರ ರೆಕ್ಕೆ ಮರದ್ದು. ಮರ ಬೆಸೆಯಲು ಬೇಕಾದ ವಿಶೇಷ ಅಂಟು ತಯಾರಾಗುತ್ತಿದ್ದ ವುಪರ್ಟಾಲ್‌ನ ಕಾರ್ಖಾನೆ ಬಾಂಬ್ ದಾಳಿಯಲ್ಲಿ ಹಾಳಾಗಿ, ಬದಲಿಗೆ ಬಂದ ಅಂಟಿನ ಆಮ್ಲೀಯತೆ ಮರವನ್ನೇ ತಿನ್ನುತ್ತಿತ್ತು. 1944ರ ಡಿಸೆಂಬರ್ 6ರಂದು ಮೊದಲ ಹಾರಾಟದಲ್ಲೇ ಚಕ್ರದ ಗೂಡಿನ ಬಾಗಿಲೊಂದು ಕಿತ್ತುಹೋಯಿತು. ನಾಲ್ಕು ದಿನಗಳ ಬಳಿಕ ಅಧಿಕಾರಿಗಳ ಮುಂದಿನ ಪ್ರದರ್ಶನದಲ್ಲಿ ರೆಕ್ಕೆಯ ಭಾಗ ಕಳಚಿ ಪೈಲಟ್ ಗಾಟ್‌ಹೋಲ್ಡ್ ಪೀಟರ್ ಸತ್ತರು.

ಲಕ್ಷಣ: ಟೇಪಿನೊಂದಿಗೆ ಬಣ್ಣವೂ ಎದ್ದು ಬರುತ್ತದೆ

ಎದ್ದ ಬಣ್ಣದ ಅಡಿಭಾಗ ನೋಡಿ. ಪ್ರೈಮರ್ ಸಹಿತ ಬರಿ ಪ್ಲಾಸ್ಟಿಕ್ ಕಾಣುವಂತೆ ಎದ್ದಿದ್ದರೆ ಮೈ ತೊಳೆದಿಲ್ಲ ಎಂದರ್ಥ. ಅಚ್ಚಿನಿಂದ ಭಾಗ ಬಿಡಿಸಲು ಹಚ್ಚುವ ಜಿಡ್ಡು ಸಣ್ಣ ತಯಾರಿಕೆಯ ಕಿಟ್‌ಗಳಲ್ಲೂ ರೆಸಿನ್ ಭಾಗಗಳಲ್ಲೂ ಧಾರಾಳ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯದೆ ಯಾವ ಪ್ರೈಮರೂ ನಿಲ್ಲದು. ಪ್ರೈಮರ್ ಉಳಿದು ಮೇಲಿನ ಬಣ್ಣ ಮಾತ್ರ ಎದ್ದಿದ್ದರೆ ಬಣ್ಣ ಪೂರ್ತಿ ಒಣಗಿರಲಿಲ್ಲ, ಇಲ್ಲವೇ ಒಣ ಸಿಂಪಡಿಕೆಯಿಂದ, ಅಂದರೆ ಹನಿಗಳು ಮೈ ತಲುಪುವ ಮೊದಲೇ ಒಣಗಿ, ಪುಡಿಪುಡಿಯಾಗಿ ಕೂತಿತ್ತು. ಬೆರಳಿಂದ ಸವರಿದರೆ ಮರಳುಮರಳಾಗಿ ತಾಗುವ ಮೈ ಈ ಎರಡನೆಯದರ ಗುರುತು. ಏರ್‌ಬ್ರಷ್ ಹತ್ತಿರ ತನ್ನಿ, ಬಣ್ಣ ಇನ್ನಷ್ಟು ತೆಳು ಮಾಡಿ. ಎದ್ದ ಅಂಚನ್ನು ನುಣುಪು ಸ್ಯಾಂಡ್‌ಪೇಪರಿನಿಂದ ಇಳಿಜಾರಾಗಿಸಿ ಆ ಫಲಕವೊಂದನ್ನೇ ಮತ್ತೆ ಬಳಿದರೆ ಸಾಕು, ಇಡೀ ಮಾದರಿ ಕೆರೆಯಬೇಕಿಲ್ಲ.

ಉಳಿದ ಚಿಲ್ಲರೆ ತೊಂದರೆಗಳು

ಡೆಕಾಲ್ ಎಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರ. ಅದರಡಿ ಬೆಳ್ಳಿಯಂಥ ಹೊಳಪು ಬಂದರೆ ಅಲ್ಲಿ ಗಾಳಿ ಸಿಕ್ಕಿದೆ. ಒರಟು ಮೈ ಮೇಲೆ ಹಚ್ಚಿದ್ದೇ ಕಾರಣ. ಸೂಜಿಯಿಂದ ಚುಚ್ಚಿ, ಡೆಕಾಲ್ ಮೆದುಗೊಳಿಸುವ ದ್ರವ ಹಚ್ಚಿ, ಮುಂದಿನ ಸಲ ಮೊದಲು ಹೊಳಪಿನ ಪದರ ಬಳಿಯಿರಿ. ಹಳೆಯ ಕಿಟ್‌ನ ಡೆಕಾಲ್ ನೀರಿಗೆ ಬಿದ್ದೊಡನೆ ಚೂರಾದರೆ ಉಳಿದವುಗಳ ಮೇಲೆ ಪಾರದರ್ಶಕ ಲೇಪ ಸಿಂಪಡಿಸಿ ಒಣಗಿಸಿ, ಆಮೇಲೆ ಒಂದೊಂದನ್ನೇ ಅಂಚಿಗೆ ಹೊಂದಿ ಕತ್ತರಿಸಿ ಬಳಸಿ.

ಬಾಲದಲ್ಲಿ ಪ್ರೊಪೆಲ್ಲರ್ ಇರುವ ವಿಮಾನಗಳಲ್ಲಿ ಅಲಗುಗಳನ್ನು ತಿರುಗುಮುರುಗು ಹಾಕಿದ ಮಾದರಿಗಳು ಎಷ್ಟೋ ಕಾಣುತ್ತವೆ. ಪ್ರೊಪೆಲ್ಲರ್ ಎಳೆಯಲಿ ತಳ್ಳಲಿ, ಅಲಗಿನ ಉಬ್ಬಿದ ಮೈ ವಿಮಾನ ಹೋಗುವ ದಿಕ್ಕಿಗೇ ಇರಬೇಕು. ಮೂತಿಯ ಪ್ರೊಪೆಲ್ಲರಿನಲ್ಲಿ ಉಬ್ಬು ಶಂಕುವಿನಾಕಾರದ ಟೋಪಿಯ ಪಕ್ಕಕ್ಕೆ ಬರುತ್ತದೆ. ಶಿಂಡೆನ್‌ನ ಆರು ಅಲಗುಗಳಲ್ಲೂ ಡೋ 335ರ ಹಿಂಬದಿಯ ಪ್ರೊಪೆಲ್ಲರಿನಲ್ಲೂ ಟೋಪಿ ಹಿಂದಿರುವುದರಿಂದ ಉಬ್ಬು ಅದಕ್ಕೆ ಬೆನ್ನು ಮಾಡಿರುತ್ತದೆ. ಅಲಗುಗಳನ್ನು ಬಿಡಿಬಿಡಿಯಾಗಿ ಕೊಟ್ಟ ಕಿಟ್‌ನಲ್ಲಿ ಮೊದಲನೆಯದನ್ನು ಅಂಟಿಲ್ಲದೆ ಸಿಕ್ಕಿಸಿ, ಮಾದರಿಯ ಮುಂದೆ ನಿಂತು ನೋಡಿ. ಉಬ್ಬು ಕಂಡರೆ ಉಳಿದವನ್ನೂ ಹಾಗೆಯೇ ಹಾಕಿ. ತಗ್ಗು ಕಂಡರೆ ಮೊದಲು ಛಾಯಾಚಿತ್ರ ನೋಡಿ, ಆಮೇಲೆ ಸೂಚನಾಪತ್ರ. ಎರಡೂ ಒಂದನ್ನೊಂದು ಒಪ್ಪದಿದ್ದರೆ ಛಾಯಾಚಿತ್ರದ ಮಾತೇ ಕೊನೆ.